ಹತ್ತನೇ ತರಗತಿಯ ಫ್ರೆಂಚ್ ರಾಜಕುಮಾರ

೧೨ ಜೂನ್ ೧೯೯೭, ಸಿದ್ದಾಪುರ

ಡೈರಿ ಬರೆಯುವುದನ್ನು ಮದುವೆಯಾದ ವರ್ಷವೇ ಬಿಟ್ಟಿದ್ದೆ. ಇವತ್ತು ಮತ್ತೆ ಕುಳಿತಿದ್ದೇನೆ. ಯಾರಿಗೂ ಹೇಳುವಂಥದ್ದಲ್ಲ, ಹೇಳದೆ ಇರಲೂ ಆಗುತ್ತಿಲ್ಲ.

ಹತ್ತನೇ ತರಗತಿಯಲ್ಲಿ ಫ್ರಾನ್ಸಿನ ಕ್ರಾಂತಿ ನಡೆಯುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಏನೋ ಕೇಳಿದ. "ಹೌದು, ಅದೇ ವರ್ಷ ಬೇಸಿಗೆಯಲ್ಲಿ" ಎಂದೆ. ಇಡೀ ತರಗತಿ ನಕ್ಕಿತು. ಅವನು ಕೇಳಿದ್ದು ಕಿಟಕಿ ಹಾಕಲೇ ಎಂದು. ಈಗಿನ ಮಕ್ಕಳಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ. ಮನ್ಮನೆಯಿಂದ ಬರುವ ರೋಹಿಣಿಯಂತೂ ಇನ್ನೂ ಕಷ್ಟ. ಎಲ್ಲರಿಗಿಂತ ಜಾಣೆ, ಬರೆದರೆ ಮುತ್ತು, ಬಾಯಿ ತೆರೆದರೆ ತುಟಿಯೇ ಅಲ್ಲಾಡುವುದಿಲ್ಲ. ಮಕ್ಕಳಿಗೆ ಮಾತು ಕಲಿಸುವುದು ಯಾರ ಕೆಲಸ? ಕನ್ನಡ ಮೇಷ್ಟ್ರದ್ದಲ್ಲವೇ?

ಒಂದು ಒಳ್ಳೆಯದೂ ಆಯಿತು. ಯಲ್ಲಾಪುರದಲ್ಲಿ ತೀರಿಕೊಂಡ ಒಬ್ಬ ಫಾರೆಸ್ಟ್ ಆಫೀಸರರ ಮನೆಯವರು ಅವರ ಇಂಗ್ಲಿಷ್ ಪುಸ್ತಕಗಳನ್ನೆಲ್ಲ ಬಿಳಗಿಯ ನಮ್ಮ ಶಾಲೆಗೆ ಕೊಟ್ಟಿದ್ದಾರೆ. ಹೆಡ್ ಮಾಸ್ತರರು, "ನಿಮ್ಮ ಇತಿಹಾಸದ್ದು ಏನರ ಇದ್ರ ನೋಡ್ರಿ ಮೇಡಂ" ಎಂದು ಪೆಟ್ಟಿಗೆಯನ್ನೇ ನನ್ನ ಮುಂದೆ ಇಡಿಸಿದರು. ಚಂದ್ರಶೇಖರಪ್ಪನವರು ಹಾವೇರಿ ಕಡೆಯವರು, ಇಲ್ಲಿಗೆ ಬಂದು ಬಹಳ ಕಾಲವಾದರೂ ಮಾತು ಬದಲಾಗಿಲ್ಲ. ಅವರ ಮಾತು ಮಾತ್ರ ನನಗೆ ಚೆನ್ನಾಗಿ ತಿಳಿಯುತ್ತದೆ. ಗಂಟಲು ದೊಡ್ಡದು.

ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಬ್ಬ ಫ್ರೆಂಚ್ ರಾಜಕುಮಾರ ಬರೆದ ತನ್ನ ನೆನಪುಗಳು. ಲೂಯಿ ಫಿಲಿಪ್ ದೊರೆಯ ಮೂರನೇ ಮಗ, ಜ್ವಾನ್ವಿಲ್‌ನ ರಾಜಕುಮಾರ. ಅರಮನೆಯಲ್ಲಿ ಕೂರುವುದು ಬಿಟ್ಟು ಹುಡುಗನಾಗಿದ್ದಾಗಲೇ ನೌಕಾಪಡೆ ಸೇರಿದವನು. ಚಿತ್ರಗಳೂ ಅವನವೇ. ಹಡಗಿನ ಹಗ್ಗ ಹತ್ತುವ ನಾವಿಕರು, ಟೋಪಿ ಹಾರಿಹೋದ ಅಧಿಕಾರಿಗಳು. ನಗಿಸುವ ಕೈ ಅವನದು. ಬಸ್ಸಿನಲ್ಲಿ ಓದುತ್ತ ಕುಳಿತು ಸ್ಟಾಪು ದಾಟಿಹೋಯಿತು. ಕಂಡಕ್ಟರ್ ಕೂಗಿದೆ ಎನ್ನುತ್ತಾನೆ, ಸುಳ್ಳು.

೨೯ ಜೂನ್

ಒಲೆಯ ಮೇಲಿನ ಹಾಲು ಉಕ್ಕಿ ಒಲೆ ಆರಿ, ಗಂಡ ನಂದನ ಹಿತ್ತಲಿನಿಂದ ಓಡಿ ಬಂದು, "ಎಂತದೇ, ಅಷ್ಟೊತ್ತಿಂದ ಕರೀತಾ ಇದ್ದಿ, ಓ ಹೇಳಿದ್ದೇ ಇಲ್ಯಲೆ" ಎಂದದ್ದು ಹೋದ ವಾರ. ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡಿದ. ನಿನ್ನೆ ಹುಬ್ಬಳ್ಳಿಗೆ ಕರೆದುಕೊಂಡು ಹೋದ.

ಎರಡೂ ಕಿವಿಯ ನರ ಸೋತಿವೆಯಂತೆ. ಔಷಧಿ ಇಲ್ಲ. ಕೇಳುವುದು ಇನ್ನೂ ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಯಂತ್ರ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ದಪ್ಪನೆಯ ಡಬ್ಬಿ, ಅದರಿಂದ ಕಿವಿಗೆ ಬರುವ ವೈರು. ಡಬ್ಬಿಯನ್ನು ಎದೆಯ ಮೇಲೆ ಸಿಕ್ಕಿಸಿಕೊಳ್ಳಬೇಕು. ಸೀರೆಯ ಮೇಲೆ, ಮಕ್ಕಳ ಎದುರಿಗೆ!

"ಶಾಲೆಲಿ ಹೇಳಿಬಿಡು" ಎಂದ ನಂದನ.

"ಕಿವಿ ಕೇಳ್ದೇ ಇದ್ದವು ಪಾಠ ಮಾಡ್ತ ಹೇಳಿ ಗೊತ್ತಾದ್ರೆ ಇಟ್ಕತ್ವ? ಆನು ಹೇಳ್ತ್ನಿಲ್ಲೆ. ಯಂಗೆ ಆ ಡಬ್ಬಿ ಬ್ಯಾಡ."

"ಅಡ್ಡಿಲ್ಲೆ. ಕಪಾಟಲ್ಲಿ ಇರ್ಲಿ" ಎಂದ. ಮುಂದೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನೋ ಹೇಳಿದ. ನಾನು ಹೂಂ ಹೂಂ ಎನ್ನುತ್ತ ಬಂದೆ.

೧೮ ಜುಲೈ

ಇವತ್ತಿನ ಪಾಠ ಬಹಳ ಚೆನ್ನಾಗಿ ಆಯಿತು. ಪುಸ್ತಕ ಬದಿಗಿಟ್ಟು ರಾಜಕುಮಾರನ ಕಥೆ ಹೇಳಿದೆ.

ಅವನಿಗೆ ದಡಾರ ಎದ್ದು ಮಲಗಿದ್ದ. ಅಪ್ಪ ಬಂದು, ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ ನೆಪೋಲಿಯನ್ನನ ಶವ ತೆಗೆದುಕೊಂಡು ಬಾ ಎಂದ. ಇಪ್ಪತ್ತೆರಡರ ಹುಡುಗ, ಯುದ್ಧದ ಕನಸು ಕಾಣುವವನು, ಸಿಕ್ಕಿದ್ದು ಹೆಣ ಹೊರುವ ಕೆಲಸ! ಅದೂ ತಮ್ಮ ಮನೆತನಕ್ಕೆ ಬೇಡವಾದವನದ್ದು. ಮನಸ್ಸಿಲ್ಲದಿದ್ದರೂ ಹೊರಟ. ವಾಪಸು ಬರುವ ದಾರಿಯಲ್ಲಿ, ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಬೀಳಬಹುದೆಂದು ಸುದ್ದಿ ಬಂತು. ಒಂಟಿ ಹಡಗು, ಸುತ್ತ ಇಂಗ್ಲಿಷರ ಸಮುದ್ರ. ತನ್ನ ಹಡಗಿನ ಅಂದದ ಕೋಣೆಗಳನ್ನೆಲ್ಲ ಒಡೆಸಿ, ಪೀಠೋಪಕರಣ ಸಮುದ್ರಕ್ಕೆ ಎಸೆಸಿ, ಅಲ್ಲಿ ಫಿರಂಗಿ ಇಡಿಸಿದ. ಮುಳುಗುತ್ತೇನೆ, ಶವದ ಪೆಟ್ಟಿಗೆಯನ್ನು ಮಾತ್ರ ಕೊಡುವುದಿಲ್ಲ ಎಂದ. ಯುದ್ಧ ಆಗಲಿಲ್ಲ. ತನಗೆ ಇಷ್ಟವಿಲ್ಲದ ಕೆಲಸಕ್ಕೆ ಹಾಗೆ ಪ್ರಾಣ ಒಡ್ಡುವವರು ಎಷ್ಟು ಜನ ಇದ್ದಾರೆ?

ಒಬ್ಬರೂ ಮಿಸುಕಲಿಲ್ಲ. ಜ್ವಾನ್ವಿಲ್ ಎನ್ನಲು ಬಾರದೆ ಮಕ್ಕಳು ಅವನನ್ನು "ಜೋಯಿಸ ರಾಜಕುಮಾರ" ಮಾಡಿದ್ದಾರೆ. ಇನ್ನೊಂದು ಉಪಾಯವೂ ಹೊಳೆಯಿತು. ನಾನು ಮಾತಾಡುತ್ತಲೇ ಇದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಗಂಟೆ ಹೊಡೆಯುವವರೆಗೂ ಹೇಳಿದೆ. ಹೊಡೆದ ಮೇಲೂ ಹೇಳಿದೆನಂತೆ. ಮುಂದಿನ ಪಿರಿಯಡ್ಡಿನ ಮಧುಕೇಶ್ವರ ಮೇಷ್ಟ್ರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು.

೧೭ ಆಗಸ್ಟ್, ಸಿರಸಿ

ನಂದನನ ಸೊಸೈಟಿಯ ಸಭೆ ಇತ್ತು. ಅವನ ಜೊತೆ ಬಂದವಳು ಗ್ರಂಥಾಲಯದಲ್ಲಿ ಕುಳಿತು, ದೊಡ್ಡ ವಿಶ್ವಕೋಶದಲ್ಲಿ ನಮ್ಮ ರಾಜಕುಮಾರನನ್ನು ಹುಡುಕಿದೆ.

ಅವನಿಗೆ ಕಿವಿ ಕೇಳುತ್ತಿರಲಿಲ್ಲ!

ಇಷ್ಟು ದಿನ ಅವನು ಬರೆದದ್ದನ್ನು ಓದುತ್ತಿದ್ದರೂ ನನಗೆ ಗೊತ್ತೇ ಆಗಿರಲಿಲ್ಲ. ಇಪ್ಪತ್ತರಲ್ಲಿ ಮೆಕ್ಸಿಕೋದ ಬಂದರಿಗೆ ಇಳಿದು, ಶತ್ರುವಿನ ಸೇನಾಪತಿಯ ಮನೆಗೇ ನುಗ್ಗಿ ಹಿಡಿದವನು. ಬ್ರೆಜಿಲ್ಲಿನ ರಾಜಕುಮಾರಿಯನ್ನು ಮದುವೆಯಾಗಿ ಸಮುದ್ರ ದಾಟಿಸಿ ಕರೆತಂದವನು. ಆ ಮನುಷ್ಯ ನಡುವಯಸ್ಸು ದಾಟಿ ಶಾಸನಸಭೆಗೆ ಆರಿಸಿಬಂದಾಗ, ಕಿವುಡಿನ ದೆಸೆಯಿಂದ ಅಲ್ಲಿ ಮಿಂಚಲು ಆಗಲಿಲ್ಲ ಎಂದು ಒಂದೇ ವಾಕ್ಯ ಇದೆ. ಆ ವಾಕ್ಯದ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕುಳಿತಿದ್ದೆ.

ಇನ್ನೊಂದು ಸಂಗತಿ. ರಾಜ್ಯ ಹೋಗಿ ಮನೆತನವನ್ನೇ ದೇಶದಿಂದ ಹೊರಗೆ ಹಾಕಿದ್ದರು. ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿದಾಗ ಅವನಿಗೆ ಐವತ್ತು ದಾಟಿತ್ತು. ಕರ್ನಲ್ ಲುಥರೋಡ್ ಎಂದು ಹೆಸರು ಬದಲಿಸಿಕೊಂಡು ಬಂದು ತನ್ನನ್ನು ಹೊರಹಾಕಿದ ದೇಶಕ್ಕಾಗಿಯೇ ಕಾದಾಡಿದ. ಎಂಥ ಜಾಣ! ಯಾರು ಎಂದು ಗೊತ್ತಾಗದ ಹಾಗೆ ಇದ್ದು ಕೆಲಸ ಮಾಡಬಹುದು ಎಂದು ತೋರಿಸಿದ. ಅಷ್ಟು ಓದುವಷ್ಟರಲ್ಲಿ ನಂದನ ಬಂದು ಹೆಗಲು ಮುಟ್ಟಿದ. ಕರೆದಿದ್ದನೋ ಏನೋ.

೧೬ ಸೆಪ್ಟೆಂಬರ್

ಮಳೆ, ತಗಡಿನ ಮಾಡು, ತಲೆನೋವು. ಸಂಜೆ ಬಸ್ಸಿಗೆ ಓಡುವಾಗ ರೋಹಿಣಿ ಜಗಲಿಯಲ್ಲಿ ನಿಲ್ಲಿಸಿ ಏನೋ ಹೇಳಿದಳು. ರಜೆ ಕೇಳಿದ್ದಿರಬೇಕು. "ಆಯ್ತು, ಹೋಗು, ಒಳ್ಳೇದಾಗ್ಲಿ" ಎಂದೆ.

೩ ಅಕ್ಟೋಬರ್

ದಸರಾ ರಜೆ ಶುರು. ಹೊರಡುವಾಗ ಹೆಡ್ ಮಾಸ್ತರರು ಕರೆಸಿದರು.

"ಬರ್ರಿ, ಕುಂಡ್ರಿ. ಆಡಳಿತ ಮಂಡಳಿಯವರು ಒಬ್ಬರು ಬಂದಿದ್ರು. ನೀವು ಮಕ್ಕಳ ಪ್ರಶ್ನಿಗೆ ಉತ್ತರಾ ಕೊಡೂದಿಲ್ಲಂತ. ಹತ್ತನೇತ್ತಾ ಮಧುಕೇಶ್ವರಗ ಕೊಡ್ರಿ ಅಂತಾರ."

"ಪಾಠದಲ್ಲಿ ತಪ್ಪಿದ್ದರೆ ಹೇಳಿ ಸರ್."

"ಪಾಠ ಚಲೋನ ಮಾಡ್ತೀರಿ. ನಾನೂ ಹೊರಗ ನಿಂತು ಕೇಳೇನಿ, ಆ ರಾಜಕುಮಾರಂದು." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಮತ್ತೇನರ ಹೇಳೂದು ಐತೇನ್ರಿ ಮೇಡಂ?"

"ಇಲ್ಲ ಸರ್" ಎಂದು ಎದ್ದು ಬಂದೆ.

ಜ್ವಾನ್ವಿಲ್‌ನನ್ನು ನೆನೆದುಕೊಂಡೆ. ತಂದೆ ಸಿಂಹಾಸನ ಬಿಟ್ಟು ಓಡಿದ ಸುದ್ದಿ ಬಂದಾಗ ಅವನು ಅಣ್ಣತಮ್ಮಂದಿರಲ್ಲಿ ಒಬ್ಬನ ಜೊತೆ ಆಲ್ಜಿಯರ್ಸಿನಲ್ಲಿದ್ದ. ಕೈಯಲ್ಲಿ ಸೇನೆ ಇತ್ತು. ತಮ್ಮ ಜನರ ಮೇಲೆ ಬಂದೂಕು ಎತ್ತಲಾರೆವು ಎಂದುಕೊಂಡು ಅಧಿಕಾರ ಒಪ್ಪಿಸಿ, ಹಡಗು ಹತ್ತಿ ಗಡಿಪಾರಿಗೆ ಹೊರಟುಬಿಟ್ಟರು. ಮಾತಿಲ್ಲ, ಗೋಳಿಲ್ಲ. ನನ್ನದು ಒಂದು ತರಗತಿ ಹೋಗಬಹುದು ಎಂದರೇ ಇಷ್ಟು ಉರಿಯುತ್ತಿದೆ.

೨೭ ಅಕ್ಟೋಬರ್

ಶಾಲೆ ಶುರುವಾಯಿತು. ರೋಹಿಣಿ ಬಂದಿಲ್ಲ. ಹಾಜರಿ ತೆಗೆದುಕೊಳ್ಳುವಾಗ, "ಜ್ವರವಾ?" ಎಂದು ಅವಳ ಪಕ್ಕ ಕೂರುವ ಮಧುರಾಳನ್ನು ಕೇಳಿದೆ. ಆ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಳ ಬಳಿಗೇ ಹೋಗಿ ನಿಂತೆ.

"ಟೀಚರ್, ಅವಳು ಶಾಲೆ ಬಿಟ್ಲಲ. ದಸರಾ ರಜೆ ಶುರುವಾದ ದಿನವೇ ನಂದೊಳ್ಳಿಗೆ ಅಕ್ಕನ ಮನೆಗೆ ಹೋದ್ಲು. ಅಕ್ಕಂಗೆ ಅವಳಿಜವಳಿ ಆಗಿದೆ, ನೋಡ್ಕೊಳ್ಳೋಕೆ ಜನ ಇಲ್ಲ."

"ನನಗೆ ಯಾರೂ ಹೇಳಲೇ ಇಲ್ಲ!"

"ನಿಮ್ಮ ಹತ್ರ ಹೇಳಿದ್ಲಲ ಟೀಚರ್. ಅಪ್ಪ ಕಳಿಸ್ತಿದ್ದಾನೆ, ನೀವು ಬಂದು ಒಂದು ಮಾತು ಹೇಳಿ ಅಂತ ಕೇಳಿದ್ಲು. ನೀವು, ಆಯ್ತು, ಹೋಗು, ಒಳ್ಳೇದಾಗ್ಲಿ ಅಂದ್ರಂತೆ. ಟೀಚರೇ ಹಾಗೆ ಅಂದ್ಮೇಲೆ ಇನ್ನೆಂತ ಅಂತ ಅವತ್ತು ಮನೆ ದಾರಿಯಿಡೀ ಅಳ್ತಾ ಹೋದ್ಲು."

೨೮ ಅಕ್ಟೋಬರ್

ಪಾಠ ಮಾಡಲಿಲ್ಲ. ನಕ್ಷೆ ಬರೆಯಲು ಹೇಳಿ ಕುಳಿತೆ.

೧ ನವೆಂಬರ್, ಸಿರಸಿ

ದೀಪಾವಳಿಗೆ ನಂದನನ ಅಕ್ಕನ ಮನೆಗೆ ಬಂದಿದ್ದೇವೆ. ಹಬ್ಬದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ನನಗೆ ಒಂದು ಗುಂಯ್ ಎಂಬ ಸದ್ದು. ನಿನ್ನೆ, ಹಬ್ಬದ ರಜೆಗೆ ಮುಚ್ಚುವ ಮೊದಲು ಗ್ರಂಥಾಲಯಕ್ಕೆ ಹೋಗಿ ಆ ವಿಶ್ವಕೋಶವನ್ನು ಮತ್ತೆ ತೆಗೆಸಿದ್ದೆ. ಲುಥರೋಡ್ ಆಗಿದ್ದ ರಾಜಕುಮಾರ ಸಿಕ್ಕಿಬಿದ್ದದ್ದು ಹೇಗೆ ಎಂದು ತಿಳಿಯಬೇಕಿತ್ತು.

ಅವನು ಸಿಕ್ಕಿಬೀಳಲಿಲ್ಲ. ಓರ್ಲಿಯನ್ಸಿನ ಎದುರು ಧೈರ್ಯವಾಗಿ ಹೋರಾಡಿದ ಮೇಲೆ ತಾನೇ ಹೋಗಿ, ನಾನು ಇಂಥವನು, ನನ್ನ ಹೆಸರಿನಲ್ಲೇ ಸೇವೆ ಮಾಡಲು ಅಪ್ಪಣೆ ಕೊಡಿ ಎಂದು ಕೇಳಿದ. ಸರ್ಕಾರದವರು ಹಿಡಿದು ಇಂಗ್ಲೆಂಡಿಗೆ ಕಳಿಸಿಬಿಟ್ಟರು. ಕಳಿಸುತ್ತಾರೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದಿರಲೇಬೇಕು.

ನಂದನನಿಗೆ ರೋಹಿಣಿಯ ವಿಷಯ ಎಲ್ಲ ಹೇಳಿದೆ. ಅವನು ನನ್ನ ಎದುರಿಗೆ ಬಂದು ಕುಳಿತು, "ಯಾವಾಗ ಹೋಪನ?" ಎಂದ.

"ಆನೊಬ್ಬಳೇ ಹೋಗ್ತೆ" ಎಂದೆ.

೯ ನವೆಂಬರ್

ಬೆಳಗಿನ ಬಸ್ಸಿಗೆ ಹೊರಟು, ಸಿರಸಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರ ಮುಟ್ಟಿ ನಂದೊಳ್ಳಿಗೆ ಹೋದೆ. ಡಬ್ಬಿಯನ್ನು ಕಪಾಟಿನಿಂದ ತೆಗೆದು ಹಾಕಿಕೊಂಡಿದ್ದೆ. ಹಾಕಿಕೊಂಡು ಬಸ್ಸು ಹತ್ತಿದ್ದೇ ತಪ್ಪು. ತಲೆಯೊಳಗೇ ಇಂಜಿನ್ನು ಓಡಿದ ಹಾಗಾಯಿತು. ಆರಿಸಿ ಕುಳಿತೆ.

ಬಾಗಿಲು ತೆಗೆದವಳು ರೋಹಿಣಿಯೇ. ತೋಳಿನಲ್ಲಿ ಒಂದು ಮಗು. ನನ್ನನ್ನು ನೋಡಿದಳು, ಎದೆಯ ಮೇಲಿನ ಡಬ್ಬಿಯನ್ನು ನೋಡಿದಳು, ಒಳಗೆ ಓಡಿಹೋದಳು. ಅಕ್ಕನ ಅತ್ತೆ ಗುರುಶಾಂತವ್ವ ಹೊರಗೆ ಬಂದರು. ಅವರ ಮನೆಯವರು ಮುಂಡಗೋಡದ ಆಚೆಯಿಂದ ಬಂದು ಇಲ್ಲಿ ಜಮೀನು ಮಾಡಿಕೊಂಡವರು. ಬಾಯಿ ತುಂಬ ಎಲೆಯಡಿಕೆ. ಒಳಗೆ ಎರಡು ಕೂಸುಗಳೂ ಒಟ್ಟಿಗೆ ಅಳಲು ಶುರುಮಾಡಿದವು. ಯಂತ್ರ ಹಚ್ಚಿದರೆ ಅಳುವೊಂದೇ ಕೇಳುತ್ತದೆ, ಆರಿಸಿದರೆ ಏನೂ ಇಲ್ಲ. ಆ ಹೆಂಗಸು ಮಾತಾಡುತ್ತಲೇ ಇದ್ದರು. ನಾನು ಎಂದಿನಂತೆ ತಲೆಯಾಡಿಸಿದೆ. ಎರಡು ಸಲ ಆಡಿಸಿದೆ. ಆಮೇಲೆ ನಿಲ್ಲಿಸಿದೆ.

"ಅಮ್ಮ, ನನಗೆ ಕಿವಿ ಕೇಳೂದಿಲ್ಲ" ಎಂದೆ. "ನೀವು ಹೇಳಿದ್ದು ಒಂದೂ ತಿಳೀಲಿಲ್ಲ."

ಅವರು ನನ್ನನ್ನು ನೋಡಿ ಎದ್ದು ಹೋದರು. ಬೇಸರವಾಯಿತೇನೋ ಎಂದುಕೊಂಡೆ. ಹೊರಗೆ ಹೋಗಿ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದು, ನನ್ನ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಎದುರು ಕುಳಿತರು. ನಿಧಾನವಾಗಿ ಹೇಳಿದರು.

"ನಮ್ಮವ್ವಗೂ ಹಿಂಗs ಇತ್ರೀ ಅಕ್ಕಾರ. ಈಗ ತಿಳೀತೈತೇನು?"

"ತಿಳೀತದೆ."

"ಏನ್ ಬಂದ್ರಿ ಇಷ್ಟ ದೂರ?"

ಹೇಳಿದೆ. ಹುಡುಗಿ ತರಗತಿಗೇ ಮೊದಲು, ಮಾರ್ಚಿನಲ್ಲಿ ಪರೀಕ್ಷೆ ಇದೆ, ನನ್ನ ಮಾತನ್ನು ಒಪ್ಪಿಗೆ ಎಂದುಕೊಂಡು ಶಾಲೆ ಬಿಟ್ಟಿದ್ದಾಳೆ ಎಂದೆ. ಗುರುಶಾಂತವ್ವನ ಕಣ್ಣು ದೊಡ್ಡದಾಯಿತು.

"ಸಾಲಿ ಬಿಟ್ಟ ಬಂದೈತಿ? ಸೂಟಿ ಐತಿ ಅಂತ ನಾ ತಿಳಕೊಂಡೇನಿ! ಅದು ಏನ್ ಹೇಳ್ತೈತೋ ಯಾರಿಗಿ ಕೇಳಸ್ತೈತಿ? ಬಾ ಇಲ್ಲೆ, ರೋಹಿಣಿ!"

ಬಾಣಂತಿ ಕೋಣೆಯ ಬಾಗಿಲಲ್ಲಿ ಅಕ್ಕ ಜಯಾ ನಿಂತಿದ್ದಳು, ಅವಳ ಹಿಂದೆ ರೋಹಿಣಿ. ಜಯಾಳ ಮುಖ ಬಿಳಿಚಿತ್ತು. "ತಾಯಿ ಇಲ್ಲದ ಮನೆ ಟೀಚರ್, ನಾನೇ ಅಪ್ಪನ ಹತ್ರ ಕಳ್ಸು ಅಂದೆ" ಎಂದಳು. ಅವಳನ್ನು ಬೈಯಲು ಯಾರಿಗೂ ಮನಸ್ಸಿರಲಿಲ್ಲ.

ನಾನು ರೋಹಿಣಿಗೆ ಹೇಳಿದೆ. "ಅವತ್ತು ಜಗಲಿಯಲ್ಲಿ ನೀನು ಹೇಳಿದ್ದು ನನಗೆ ಕೇಳಲಿಲ್ಲ. ಕೇಳಿದವಳ ಹಾಗೆ ಮಾಡಿದೆ. ಕೇಳಿದ್ದರೆ ಹೋಗು ಅನ್ನುತ್ತಿರಲಿಲ್ಲ."

ಅವಳು ಏನೋ ಹೇಳಿದಳು. ತುಟಿ ಅಲ್ಲಾಡಲಿಲ್ಲ.

"ಕೇಳ್ತಾ ಇಲ್ಲ" ಎಂದೆ.

ಹತ್ತಿರ ಬಂದಳು. ಮಗುವನ್ನು ಅಕ್ಕನ ಕೈಗೆ ಕೊಟ್ಟಳು. "ನಂಗೆ ಶಾಲೆಗೆ ಬರಬೇಕು" ಎಂದಳು. ಅಳುವ ಎರಡು ಕೂಸುಗಳ ನಡುವೆಯೂ ಅದು ಕೇಳಿತು.

ಗುರುಶಾಂತವ್ವ ತಮ್ಮ ತಂಗಿಯನ್ನು ಬ್ಯಾಡಗಿಯಿಂದ ಕರೆಸುತ್ತಾರಂತೆ. "ನಾನs ಮಗನ ಕೂಡ ಹೇಳಿ ಕಳಸ್ತೇನಿ, ಅವರಪ್ಪ ಗಣಪಗ ಒಂದ ಮಾತ ನೀವ ಹೇಳ್ರಿ" ಎಂದರು. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ನಿದ್ದೆ ಬಂತು.

೧೦ ನವೆಂಬರ್

ಹೆಡ್ ಮಾಸ್ತರರ ಕೋಣೆಗೆ ಹೋಗಿ ಹೇಳಿದೆ. ಎಲ್ಲ ಹೇಳಿದೆ. ಹತ್ತನೇ ತರಗತಿಯನ್ನು ಮಧುಕೇಶ್ವರರಿಗೆ ಕೊಡುವುದಾದರೆ ಕೊಡಿ ಎಂದೂ ಹೇಳಿದೆ. ಚಂದ್ರಶೇಖರಪ್ಪನವರು ಕನ್ನಡಕ ತೆಗೆದು ಒರೆಸಿದರು.

"ನನಗ ಗೊತ್ತಿತ್ರಿ ಮೇಡಂ. ನೀವs ಹೇಳ್ಲಿ ಅಂತ ಕಾಯಾಕತ್ತಿದ್ದೆ. ಆ ಡಬ್ಬಿ ಹಾಕ್ಕೊಂಡ ಬರ್ರಿ, ಮಂಡಳಿಯವರ ಕೂಡ ನಾ ಮಾತಾಡ್ತೇನಿ. ಒಪ್ತಾರೋ ಇಲ್ಲೋ, ಅದನ್ನ ನಾ ಈಗ ಹೇಳೂದಿಲ್ಲ."

ತರಗತಿಯಲ್ಲೂ ಹೇಳಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. "ಏನು ನಗು? ಎದ್ದು ನಿಂತು, ನನ್ನ ಕಡೆ ಮುಖಮಾಡಿ ಹೇಳು" ಎಂದೆ. ಎದ್ದು ನಿಂತು, "ಜೋಯಿಸ ರಾಜಕುಮಾರಂಗೂ ಕಿವಿ ಕೇಳ್ತಿರಲಿಲ್ವಾ ಟೀಚರ್?" ಎಂದ. ಅದನ್ನು ನಾನು ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಹೇಗೆ ಊಹಿಸಿದನೋ.

ಸಂಜೆ ಮನ್ಮನೆಗೆ ಹೋಗಿ ಗಣಪನನ್ನು ಕಂಡು ಬಂದೆ. ಅವನಿಗೆ ನಾಚಿಕೆ, ನನಗೂ ನಾಚಿಕೆ. ಚಹಾ ಕುಡಿದೆವು.

೧೩ ಡಿಸೆಂಬರ್

ಮಂಡಳಿ ಹೂಂ ಎಂದಿದೆ, ಮಾರ್ಚಿನ ಫಲಿತಾಂಶ ನೋಡುತ್ತೇವೆ ಎಂಬ ಮಾತಿನೊಂದಿಗೆ. ಹೆಡ್ ಮಾಸ್ತರರು ನಮ್ಮನ್ನು ರಸ್ತೆಯಿಂದ ದೂರದ ಕೋಣೆಗೆ ಹಾಕಿದ್ದಾರೆ. ಬೆಂಚುಗಳನ್ನು ಅರ್ಧ ಸುತ್ತು ಮಾಡಿಸಿದ್ದೇನೆ, ಎಲ್ಲರ ಬಾಯಿಯೂ ಕಾಣಲಿ ಎಂದು.

ಈ ಮಕ್ಕಳ ಗಲಾಟೆ ಮಾತ್ರ ಹೇಳತೀರದು. ಇವತ್ತು ರಾಜಕುಮಾರ ಆಲ್ಜಿಯರ್ಸಿನಲ್ಲಿ ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳ ಹತ್ತಿತು. ಸೇನೆ ಇಟ್ಟುಕೊಂಡು ಬಿಟ್ಟುಕೊಟ್ಟವನು ಹೇಡಿ ಎಂದು ಹುಡುಗರು. ರೋಹಿಣಿ ಎದ್ದು, "ಹೇಡಿ ಆಗಿದ್ರೆ ಐವತ್ತು ದಾಟಿದ ಮೇಲೆ ಅದೇ ದೇಶಕ್ಕೆ ಸಾಯೋಕೆ ಬರ್ತಿದ್ನಾ?" ಎಂದಳು. ಅಮೆರಿಕದ ಯುದ್ಧ ನೋಡಲು ಹೋದಾಗಲೂ ಅವನು ಬಣ್ಣದ ಪೆಟ್ಟಿಗೆ ಒಯ್ದಿದ್ದ, ಕಿವಿಗೆ ಬಾರದ್ದನ್ನು ಕಣ್ಣಿನಿಂದ ಹಿಡಿದಿಟ್ಟ ಎಂದು ನಾನು ಹೇಳಿದೆ. ಯಾರು ಕೇಳುತ್ತಾರೆ? ಡಬ್ಬಿಯ ಸದ್ದು ಇಳಿಸಿ ಕುಳಿತೆ. ಗಂಟೆ ಹೊಡೆದ ಮೇಲೂ ಎದ್ದು ಹೋಗಲೊಲ್ಲರು. ಹೀಗಾದರೆ ಪಾಠ ಮುಗಿಸುವುದು ಯಾವಾಗ?

೨೭ ಫೆಬ್ರವರಿ ೧೯೯೮

ಹತ್ತನೇ ತರಗತಿಯವರ ಬೀಳ್ಕೊಡುಗೆ. ಅಂಗಳದಲ್ಲಿ ಶಾಮಿಯಾನ, ಮೈಕು ಇರಲಿಲ್ಲ, ಬಾಡಿಗೆಗೆ ತಂದದ್ದು ಕೈಕೊಟ್ಟಿತ್ತು. ಮಂಡಳಿಯವರೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು, ನಾನು ಅವರ ಪಕ್ಕ. ನಂದನನೂ ಸೊಸೈಟಿಗೆ ರಜೆ ಹಾಕಿ ಬಂದಿದ್ದ. ಗಣಪ ಬಿಳಿ ಅಂಗಿ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ.

ಮಕ್ಕಳ ಪರವಾಗಿ ಮಾತಾಡಲು ತರಗತಿಯವರೆಲ್ಲ ಸೇರಿ ರೋಹಿಣಿಯನ್ನು ಆರಿಸಿದ್ದರು. ಎಂಥ ಆಯ್ಕೆ ಎಂದುಕೊಂಡೆ. ವೇದಿಕೆಗೆ ಬಂದವಳು ಇಷ್ಟು ಜನ ನೋಡಿ ತಲೆ ತಗ್ಗಿಸಿ ಶುರುಮಾಡಿದಳು. ಪಕ್ಕದವರು ನಯವಾಗಿ ತಲೆಯಾಡಿಸುತ್ತಿದ್ದರು. ಅವರಿಗೂ ಕೇಳುತ್ತಿರಲಿಲ್ಲ, ನನಗೆ ಆ ತಲೆಯಾಡಿಸುವುದು ಗೊತ್ತು.

ನಾನು ಎದ್ದು ನಿಂತೆ.

"ರೋಹಿಣಿ, ಕೇಳ್ತಾ ಇಲ್ಲ. ಜೋರಾಗಿ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ತಿರುಗಲಿ, ಹುಡುಗಿ ಇಡೀ ವಾರ ಕುಳಿತು ಬರೆದ ಭಾಷಣ ಅದು. ಅವಳು ನನ್ನನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು, ಒಂದು ಸಲ ಕೆಮ್ಮಿದಳು, ಮೊದಲಿನಿಂದ ಶುರುಮಾಡಿದಳು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು, ಆಮೇಲೆ ಬಸ್ಸು ಬಂದರೂ ಇಬ್ಬರು ಮೂವರು ಹತ್ತದೆ ನಿಂತು ಕೇಳಿದರು.